ಮಾಡೆಲ್ ಇದ್ದರೂ ಸೈಟ್‌ನಲ್ಲಿ ಜಗಳ ಯಾಕೆ? ಕಟ್ಟಡ ಕೆಲಸಕ್ಕೆ ಹಂತ ಹಂತದ ಮಾರ್ಗದರ್ಶಿ

"3ಡಿ ಮಾಡೆಲ್ ಮಾಡಿಸಿದ್ದೆವು, ಆದರೂ ಜಗಳ ತಪ್ಪಲಿಲ್ಲ" ಅನ್ನುವವರು ಜಾಸ್ತಿಯಾಗುತ್ತಿದ್ದಾರೆ. ಮಾಡೆಲ್ ಅಂದರೆ ಕಂಪ್ಯೂಟರಿನಲ್ಲಿ ಮಾಡಿದ ಕಟ್ಟಡದ 3ಡಿ ರೂಪ. ಮಾಲೀಕರೂ ಹೇಳುತ್ತಾರೆ, ಗುತ್ತಿಗೆದಾರರೂ ಹೇಳುತ್ತಾರೆ. ಸ್ವಲ್ಪ ಕೆದಕಿದರೆ ಎಡವಿದ ಜಾಗ ಒಂದೇ. ಚದರಕ್ಕೆ (100 ಚದರ ಅಡಿಗೆ) ಇಷ್ಟು ಅಂತ ಮಾತಾಗಿ ಅಡ್ವಾನ್ಸ್ ಕೊಟ್ಟಾಗಿದೆ. ಮಾಡೆಲ್ ಆಮೇಲೆ ಬಂದಿದೆ. ಸಾಮಾನು ಮಾತ್ರ ಇವೆರಡನ್ನೂ ಕೇಳದೆ, ಮೇಸ್ತ್ರಿ ಫೋನ್ ಮಾಡಿದ ಹಾಗೆಲ್ಲ ಬಂದು ಇಳಿದಿದೆ. ಮಾಡೆಲ್‌ನದು ಒಂದು ಲೆಕ್ಕ, ಒಪ್ಪಂದದ್ದು ಇನ್ನೊಂದು, ಸೈಟ್‌ನಲ್ಲಿ ಬಿದ್ದಿರುವ ಜಲ್ಲಿಯದು ಮೂರನೆಯದು. ಜಗಳ ಆಗದೆ ಇನ್ನೇನಾಗುತ್ತೆ?

ಕೆಳಗಿರುವುದು ಕೆಲಸದ ಕ್ರಮ. ತುಮಕೂರಿನಲ್ಲಿ ಮಾಮೂಲಾಗಿ ಏಳುವ ಕಟ್ಟಡವನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ: 30–40 ಸೈಟ್ (30 ಅಡಿಗೆ 40 ಅಡಿ), ಕೆಳಗೆ ಅಂಗಡಿ, ಮೇಲೆ ಎರಡು ಮಹಡಿ ಮನೆ. ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಶೆಡ್ ಕಟ್ಟಿಸುವವರಿಗೂ ಕ್ರಮ ಇದೇ, ಅಂಕಿಗಳು ಮಾತ್ರ ದೊಡ್ಡವು. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ, ಅಷ್ಟೇ.

## ಮೊದಲು ಕೈಯಲ್ಲಿ ಏನಿರಬೇಕು

ದುಬಾರಿ ಸಾಫ್ಟ್‌ವೇರ್ ಬೇಕಾಗಿಲ್ಲ. ನಿಮ್ಮ ಎಂಜಿನಿಯರ್ ಹತ್ತಿರ ರೆವಿಟ್ ಇದ್ದರೆ ಸರಿ. ಇಲ್ಲದಿದ್ದರೆ ಫ್ರೀಕ್ಯಾಡ್ ಪುಕ್ಕಟೆ ಸಿಗುತ್ತದೆ. ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್‌ಗೆ ಬೋನ್ಸಾಯ್ ಅನ್ನುವ ಆಡ್-ಆನ್ ಸೇರಿಸಿಕೊಂಡರೆ ಅದೂ ಪುಕ್ಕಟೆ. ಯಾವುದರಲ್ಲಿ ಮಾಡಿದರೂ ಕೊನೆಗೆ ಐಎಫ್‌ಸಿ ಫೈಲ್ ಕೊಡಬೇಕು ಅಂತ ಮೊದಲೇ ಹೇಳಿಬಿಡಿ. ಅದು ಯಾವ ಕಂಪನಿಗೂ ಸೇರದ ಮುಕ್ತ ಮಾದರಿಯ ಫೈಲ್. ಎಂಜಿನಿಯರ್ ಬದಲಾದರೂ ಇನ್ನೊಬ್ಬರು ತೆರೆದು ನೋಡಬಹುದು.

ಇದರ ಜೊತೆಗೆ 30 ಮೀಟರ್ ಟೇಪು, ಸಾಧ್ಯವಾದರೆ ಲೇಸರ್ ಮೀಟರ್, ಲೆವೆಲ್ ಪೈಪು, ಬೈಂಡ್ ಮಾಡಿಸಿದ ಒಂದು ರಿಜಿಸ್ಟರ್. ರಿಜಿಸ್ಟರಿನ ಪುಟಗಳಿಗೆ ಸಂಖ್ಯೆ ಹಾಕಿರಬೇಕು. ಹಾಳೆ ಕೀಳುವ ಸ್ಪೈರಲ್ ಪುಸ್ತಕ ಬೇಡವೇ ಬೇಡ.

ಪೀಠೋಪಕರಣ, ಹೂಕುಂಡ, ಮುಂದೆ ಒಂದು ಕಾರು ನಿಲ್ಲಿಸಿ ತೋರಿಸುವ ವಾಕ್‌ಥ್ರೂ ವಿಡಿಯೊ ಇದೆಯಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ನೋಡೋಕೆ ಚೆನ್ನಾಗಿರುತ್ತೆ. ಆದರೆ ಒಳಗೆ ಒಂದು ಪೈಪೂ ಇರಲ್ಲ, ಒಂದು ಕಂಬಿಯೂ ಇರಲ್ಲ.

## ಹಂತ 1: ಪತ್ರ ನೋಡಿ ಮಾಡೆಲ್ ಮಾಡಬೇಡಿ, ಸೈಟ್ ಅಳೆಯಿರಿ

ನಾಲ್ಕು ಬದಿ ಅಳೆದರೆ ಸಾಲದು. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. 30–40 ಸೈಟ್‌ನ ಮೂಲೆಗಳು ಸರಿಯಿದ್ದರೆ ಎರಡೂ ಅಳತೆ 50 ಅಡಿ ಬರಬೇಕು. ಬರದಿದ್ದರೆ ಸೈಟ್ ಓರೆಯಾಗಿದೆ. ಮಾಡೆಲ್‌ನಲ್ಲೂ ಅದು ಓರೆಯಾಗಿಯೇ ಇರಬೇಕು. ರಸ್ತೆ ಮಟ್ಟ, ಚರಂಡಿ ಮಟ್ಟ, ಪಕ್ಕದ ಮನೆಯ ಪಾಯ, ಕರೆಂಟ್ ಕಂಬ, ಇವೂ ಸೇರಲಿ. ಕಾಂಪೌಂಡಿನ ಮೇಲೋ ಅಲ್ಲಾಡದ ಇನ್ನೊಂದು ಜಾಗದಲ್ಲೋ ಪೇಂಟ್‌ನಲ್ಲಿ ಒಂದು ಸೊನ್ನೆ ಮಟ್ಟ ಹಾಕಿ. ಮಾಡೆಲ್‌ನ ಎಲ್ಲ ಎತ್ತರವೂ ಅಲ್ಲಿಂದಲೇ ಲೆಕ್ಕ.

## ಹಂತ 2: ಮಾಡೆಲ್‌ನ ಹೆಸರುಗಳು ಬಿಲ್ಲಿನ ಹೆಸರುಗಳೇ ಆಗಿರಲಿ

ಹೆಚ್ಚಿನ ಮಾಡೆಲ್‌ಗಳು ಕೆಲಸಕ್ಕೆ ಬಾರದೆ ಹೋಗುವುದು ಇಲ್ಲಿ. ಡ್ರಾಫ್ಟಿಂಗ್ ಮಾಡುವವರು ಕೆಳಗಿನಿಂದ ಮೇಲಿನವರೆಗೆ ಒಂದೇ ಕಾಲಂ ಎಳೆದುಬಿಡುತ್ತಾರೆ. ಸೈಟ್‌ನಲ್ಲಿ ಆ ಕಾಲಂ ಮೂರು ಸಲ ಕಾಂಕ್ರೀಟ್ ಕಾಣುತ್ತದೆ, ಮೂರು ಸಲ ಬಿಲ್ ಆಗುತ್ತದೆ. ಆದ್ದರಿಂದ ಮಹಡಿ ಮಹಡಿಗೆ ಕತ್ತರಿಸಿ. ಪ್ರತಿ ಭಾಗಕ್ಕೂ "ಮಹಡಿ 1, ಕಾಲಂ 7" ಅಂತ ಹೆಸರಿಡಿ. ಗೋಡೆಯೂ ಹಾಗೆಯೇ: 8 ಇಂಚು ಬ್ಲಾಕ್ ಬೇರೆ, 6 ಇಂಚು ಬೇರೆ, 4 ಇಂಚು ಬೇರೆ. ಮಾಲೂರು ಇಟ್ಟಿಗೆ ಹಾಕುವ ಗೋಡೆ ಇದ್ದರೆ ಅದಕ್ಕೂ ಪ್ರತ್ಯೇಕ ಹೆಸರು.

ಪ್ರತಿ ಮೋಲ್ಡ್‌ಗೂ, ಅಂದರೆ ಒಂದು ಸಲಕ್ಕೆ ಹಾಕುವ ಕಾಂಕ್ರೀಟ್ ಕೆಲಸಕ್ಕೂ, ಒಂದು ಸಂಖ್ಯೆ ಕೊಡಿ. ಪಾಯದ ಕಾಂಕ್ರೀಟ್ ಮೋಲ್ಡ್ 1, ಪ್ಲಿಂತ್ ಬೀಮ್ ಮೋಲ್ಡ್ 2, ಹೀಗೆ. ಮುಂದೆ ಸಾಮಾನಿನ ಆರ್ಡರ್, ಡೆಲಿವರಿ ಚಲನ್, ಬಿಲ್, ಫೋಟೊ ಎಲ್ಲದರ ಮೇಲೂ ಇದೇ ಸಂಖ್ಯೆ ಬರುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಈ ಸಂಖ್ಯೆಯ ಮೇಲೆ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ.

## ಹಂತ 3: ಪೈಪು, ಬೀಮ್, ಕರೆಂಟ್ ಕೊಳವೆ ಡಿಕ್ಕಿ ಹೊಡೆಯುವ ಜಾಗ ಹುಡುಕಿ

ಮೊದಲ ಮಹಡಿಯ ಬಾತ್‌ರೂಮನ್ನೇ ನೋಡೋಣ. ಕಮೋಡ್‌ನಿಂದ ಹೊರಗಿನ ಡಕ್ಟ್‌ಗೆ 2 ಮೀಟರ್ ದೂರ ಅಂದುಕೊಳ್ಳಿ. ಪೈಪು 110 ಮಿ.ಮೀ. 40ಕ್ಕೆ 1ರ ಇಳಿಜಾರು ಕೊಟ್ಟರೆ 2 ಮೀಟರಿಗೆ 50 ಮಿ.ಮೀ. ಇಳಿಯಬೇಕು. ಅಂದರೆ ಪೈಪಿಗೇ 160 ಮಿ.ಮೀ. ಆಳ ಬೇಕು, ಜೊತೆಗೆ ನೆಲದ ಟ್ರ್ಯಾಪು, ಕೆಳಗಿನ ವಾಟರ್‌ಪ್ರೂಫಿಂಗ್, ಮೇಲೆ ಟೈಲ್ಸ್ ಮತ್ತು ಗಾರೆ. ಸಂಕನ್ ಸ್ಲ್ಯಾಬ್ (ಬಾತ್‌ರೂಮಿಗೆ ತಗ್ಗಿಸಿ ಹಾಕುವ ಸ್ಲ್ಯಾಬ್) 300 ಮಿ.ಮೀ. ಆಳ ಇದ್ದರೆ ಸಲೀಸು. 200 ಇದ್ದರೆ ಪ್ಲಂಬರ್ ಪರದಾಡುತ್ತಾನೆ. ಇನ್ನು ಆ ಪೈಪು ಹೊರಗೆ ಹೋಗುವ ದಾರಿಯಲ್ಲಿ ಬೀಮ್ ಅಡ್ಡ ನಿಂತಿದ್ದರೆ? ಮೋಲ್ಡ್ ಹಾಕಿದ ಮೇಲೆ ಗೊತ್ತಾದರೆ ಬ್ರೇಕರ್ ತಂದು ಬೀಮ್‌ಗೆ ತೂತು ಹೊಡೆಯುತ್ತಾರೆ, ಕಂಬಿಯೂ ಕತ್ತರಿಸಿ ಹೋಗುತ್ತದೆ, ಆಮೇಲೆ ಪ್ಲಂಬರ್ ಮೇಸ್ತ್ರಿಯನ್ನು ಬೈಯುತ್ತಾನೆ, ಮೇಸ್ತ್ರಿ ಎಂಜಿನಿಯರ್ ಕಡೆ ಕೈ ತೋರಿಸುತ್ತಾನೆ, ಮಾಲೀಕ ಎಲ್ಲರ ದುಡ್ಡೂ ಹಿಡಿದುಕೊಳ್ಳುತ್ತಾನೆ.

ಮಾಡೆಲ್‌ನಲ್ಲಿ ಇದು ಅರ್ಧ ಗಂಟೆಯ ಕೆಲಸ. ಬೀಮ್‌ಗಳನ್ನೂ ಪೈಪುಗಳನ್ನೂ ಒಟ್ಟಿಗೆ ಹಾಕಿ ಡಿಕ್ಕಿ ಪರೀಕ್ಷೆ ನಡೆಸಿ. ಬರುವ ಪಟ್ಟಿ ಉದ್ದ ಇರುತ್ತೆ, ಹೆದರಬೇಡಿ. ಗೋಡೆಯೊಳಗೆ ಕರೆಂಟ್ ಕೊಳವೆ ಹೋಗುವುದನ್ನೂ ಸಾಫ್ಟ್‌ವೇರ್ ಡಿಕ್ಕಿ ಅಂತಲೇ ಎಣಿಸುತ್ತದೆ. ಬೀಮ್, ಕಾಲಂ, ಸ್ಲ್ಯಾಬ್ ಮುಟ್ಟುವವನ್ನು ಮಾತ್ರ ಮೊದಲು ಬಗೆಹರಿಸಿ. ಬೀಮ್‌ನಲ್ಲಿ ಪೈಪು ಹೋಗಲೇಬೇಕಿದ್ದರೆ ಎಲ್ಲಿ, ಎಷ್ಟು ದೊಡ್ಡ ಸ್ಲೀವ್ (ಪೈಪು ದಾಟಲು ಮೊದಲೇ ಇಡುವ ಕೊಳವೆ) ಅನ್ನುವುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು, ಪ್ಲಂಬರ್ ಅಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ಪ್ಲಂಬರನ್ನೂ ಎಲೆಕ್ಟ್ರಿಷಿಯನನ್ನೂ ಸ್ಲ್ಯಾಬ್ ಹೊತ್ತಿಗೆ ಗೊತ್ತು ಮಾಡುವುದು. ಈಗಲೇ ಕರೆಸಿ. ಮಾಡೆಲನ್ನು ಫೋನಿನಲ್ಲಿ ತಿರುಗಿಸಿ ತೋರಿಸಿ, "ಅಣ್ಣ, ಇಲ್ಲಿ ಹೋಗುತ್ತಾ?" ಅಂತ ಕೇಳಿ. ಅವರು ಹೇಳುವ ತಕರಾರು ಸಾಫ್ಟ್‌ವೇರ್‌ಗೆ ಕಾಣಿಸುವುದೇ ಇಲ್ಲ. ಸ್ಪ್ಯಾನರ್ ತಿರುಗಿಸೋಕೆ ಜಾಗ ಬೇಕು, ಮುಚ್ಚಳ ತೆಗೆಯೋಕೆ ಕೈ ಹೋಗಬೇಕು, ಇಂಥವು. ಲಿಫ್ಟ್ ಹಾಕುವುದಿದ್ದರೆ ಗುಂಡಿಯ ಆಳ ಮತ್ತು ಶಾಫ್ಟ್ ಅಳತೆ ಕಂಪನಿಯಿಂದ ಲಿಖಿತವಾಗಿ ಬರುವ ತನಕ ಪಾಯ ತೆಗೆಯಬಾರದು.

## ಹಂತ 4: ಪ್ರಮಾಣ ತೆಗೆಯುವ ಮುಂಚೆ ಅಳತೆ ನಿಯಮ ಒಪ್ಪಿಕೊಳ್ಳಿ

ನನ್ನ ಲೆಕ್ಕದಲ್ಲಿ ಜಗಳದ ತವರು ಇದು. ಮಾಡೆಲ್ ಕೊಡುವ ಅಂಕಿ ಸುಳ್ಳಲ್ಲ. ಮೇಸ್ತ್ರಿಯ ಟೇಪೂ ಸುಳ್ಳು ಹೇಳಲ್ಲ. ನಿಯಮ ಬೇರೆ ಬೇರೆ, ಅಷ್ಟೇ.

ಪ್ಲಾಸ್ಟರಿಂಗ್ ತೆಗೆದುಕೊಳ್ಳಿ. ಮಾಡೆಲ್ ಕಿಟಕಿಯ ಜಾಗವನ್ನು ಗೋಡೆಯ ಎರಡೂ ಮುಖದಲ್ಲಿ ಕಳೆದು ನಿಖರ ವಿಸ್ತೀರ್ಣ ಕೊಡುತ್ತದೆ. ಅಳತೆಗೆ ಇರುವ ಭಾರತೀಯ ಮಾನಕ ಐಎಸ್ 1200 ಹೇಳುವುದು ಬೇರೆ. ಎರಡೂ ಕಡೆ ಒಂದೇ ಥರ ಪ್ಲಾಸ್ಟರ್ ಇದ್ದಾಗ, 0.5 ಚದರ ಮೀಟರ್ ತನಕದ ಕಿಂಡಿಗೆ ಏನೂ ಕಳೆಯುವಂತಿಲ್ಲ. 0.5ರಿಂದ 3 ಚದರ ಮೀಟರ್ ಇದ್ದರೆ ಒಂದು ಮುಖ ಮಾತ್ರ ಕಳೆಯಬೇಕು, ಕಿಟಕಿಯ ಒಳಬದಿಯ ಅಂಚುಗಳಿಗೆ ಬೇರೆ ದುಡ್ಡಿಲ್ಲ. 3ಕ್ಕಿಂತ ದೊಡ್ಡದಾದರೆ ಎರಡೂ ಮುಖ ಕಳೆದು ಅಂಚುಗಳನ್ನು ಸೇರಿಸಬೇಕು. ನಮ್ಮ 4–4 ಅಡಿ ಕಿಟಕಿ 16 ಚದರ ಅಡಿ, ಅಂದರೆ ಸುಮಾರು 1.5 ಚದರ ಮೀಟರ್. ಒಂದೊಂದು ಕಿಟಕಿಗೂ ಮಾಡೆಲ್ ಮತ್ತು ಮಾನಕದ ನಡುವೆ 16 ಚದರ ಅಡಿ ವ್ಯತ್ಯಾಸ. 12 ಕಿಟಕಿಗೆ 192 ಚದರ ಅಡಿ. ಇದರ ಮೇಲೆ "ನಾವು ಬಾಗಿಲು ಕಿಟಕಿ ಕಳೆಯೋದೇ ಇಲ್ಲ ಸಾರ್" ಅನ್ನುವ ಮೇಸ್ತ್ರಿಯೂ ಇರುತ್ತಾರೆ. ಹಾಗೆ ಅಳೆಯುವುದು ತಪ್ಪೇನಲ್ಲ, ರೇಟಿನಲ್ಲಿ ಸರಿಹೊಂದಿಸಿಕೊಳ್ಳಬಹುದು. ಯಾವುದು ಅಂತ ಮೊದಲೇ ಬರೆದಿರಬೇಕು.

ಚದರದ ಲೆಕ್ಕ ಇದಕ್ಕಿಂತ ಅಪಾಯ. ಚದರಕ್ಕೆ ಇಷ್ಟು ಅಂದಾಗ ಮೆಟ್ಟಿಲ ಜಾಗ ಎಷ್ಟು ಸಲ ಸೇರುತ್ತೆ? ಬಾಲ್ಕನಿ ಪೂರ್ತಿಯಾ, ಅರ್ಧವಾ? ಪ್ಯಾರಪೆಟ್, ಸಂಪ್, ಓವರ್‌ಹೆಡ್ ಟ್ಯಾಂಕ್, ಕಾಂಪೌಂಡ್ ಒಳಗೋ ಹೊರಗೋ? ಪ್ರತಿ ಮಹಡಿಯ ನಕ್ಷೆಯಲ್ಲಿ ಪೂರ್ತಿ ಲೆಕ್ಕದ ಜಾಗಕ್ಕೆ ಒಂದು ಬಣ್ಣ, ಅರ್ಧ ಲೆಕ್ಕಕ್ಕೆ ಇನ್ನೊಂದು, ಲೆಕ್ಕಕ್ಕೆ ಬಾರದ್ದಕ್ಕೆ ಮತ್ತೊಂದು ಹಾಕಿಸಿ ಪ್ರಿಂಟ್ ತೆಗೆಯಿರಿ. ಇಬ್ಬರೂ ಸಹಿ ಮಾಡಿ. ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡುವಷ್ಟು ಪುರುಸೊತ್ತು ಇದ್ದರೆ ಇದನ್ನು ಮಾಡಿ.

ವೇಸ್ಟೇಜ್ ಕೂಡ ಇಲ್ಲೇ ತೀರ್ಮಾನವಾಗಲಿ. 1000 ಚದರ ಅಡಿಯ 5 ಇಂಚು ಸ್ಲ್ಯಾಬ್‌ಗೆ ಬೀಮ್ ಬಿಟ್ಟು 11.8 ಘನ ಮೀಟರ್ ಕಾಂಕ್ರೀಟ್ ಬೇಕು. ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವ ತನಕ ಹೊತ್ತು ನಿಲ್ಲುವ ಶೀಟು, ಜಾಕಿಗಳು) ಜಗ್ಗಿ ಸ್ಲ್ಯಾಬ್ ಅರ್ಧ ಇಂಚು ದಪ್ಪವಾದರೆ ಸುಮಾರು 13 ಆಗುತ್ತದೆ. ಆ 1.2 ಘನ ಮೀಟರ್ ದುಡ್ಡು ಯಾರದು? ಶೇಕಡಾ ಇಷ್ಟರ ತನಕ ಮಾಲೀಕರದು, ಅದರ ಮೇಲಿನದು ಗುತ್ತಿಗೆದಾರರದು ಅಂತ ಒಂದು ಸಾಲು ಬರೆದರೆ ಮುಗಿಯಿತು.

## ಹಂತ 5: ಮಾಡೆಲನ್ನು ಒಪ್ಪಂದಕ್ಕೆ ಕಟ್ಟಿಹಾಕಿ

ಈಗ ಒಪ್ಪಂದ. ಫೈಲಿನ ಹೆಸರು, ಆವೃತ್ತಿ ಸಂಖ್ಯೆ, ತಾರೀಕು ಅದರಲ್ಲಿ ಬರಬೇಕು. ಆ ಆವೃತ್ತಿಯ ನಕ್ಷೆಗಳ ಪ್ರಿಂಟ್ ತೆಗೆದು ಎರಡೂ ಕಡೆಯವರು ಪುಟಪುಟಕ್ಕೂ ಸಹಿ ಹಾಕಿ. ಮಾಡೆಲ್‌ಗೂ ಪ್ರಿಂಟ್‌ಗೂ ವ್ಯತ್ಯಾಸ ಕಂಡರೆ ಯಾವುದು ನಡೆಯುತ್ತದೆ? ಸಹಿ ಮಾಡಿದ ಪ್ರಿಂಟ್ ಅಂತ ಬರೆಯುವುದೇ ಒಳ್ಳೆಯದು, ಯಾಕೆಂದರೆ ಸೈಟ್‌ನಲ್ಲಿ ಕಂಬಿ ಕಟ್ಟುವವರ ಕೈಯಲ್ಲಿರುವುದು ಅದೇ.

ದುಡ್ಡಿನ ಕಂತುಗಳನ್ನು ತಿಂಗಳಿಗೆ ಕಟ್ಟದೆ ಮೋಲ್ಡ್ ಸಂಖ್ಯೆಗೆ ಕಟ್ಟಿ. ಅನುಮಾನ ಕೇಳಿದರೆ ಎಂಜಿನಿಯರ್ ಎಷ್ಟು ದಿನದಲ್ಲಿ ಉತ್ತರ ಕೊಡಬೇಕು, ಸಾಮಾನು ಯಾರು ತರಿಸುತ್ತಾರೆ, ತಡವಾಗಿ ಆಳುಗಳು ಕೂತರೆ ಆ ದಿನದ ಕೂಲಿ ಯಾರದು, ಜಗಳವಾದರೆ ಮೊದಲು ಯಾರ ಮುಂದೆ ಕೂರುವುದು, ಇಷ್ಟು ಇರಲಿ. ವಕೀಲರಿಗೆ ಒಂದು ಸಲ ತೋರಿಸಿ.

## ಹಂತ 6: ಸಾಮಾನಿನ ಪಟ್ಟಿಯನ್ನು ಮೋಲ್ಡ್ ದಿನದಿಂದ ಹಿಂದಕ್ಕೆ ಬರೆಯಿರಿ

ಪ್ರತಿ ಮೋಲ್ಡ್ ಸಂಖ್ಯೆಗೂ ಒಂದು ಹಾಳೆ. ಮೇಲೆ ಮೋಲ್ಡ್ ಹಾಕುವ ದಿನ. ಕೆಳಗೆ ಮಾಡೆಲ್‌ನಿಂದ ಬಂದ ಪ್ರಮಾಣ: ಸಿಮೆಂಟ್, ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಜಲ್ಲಿ, ಕಂಬಿ ಅಳತೆವಾರು, ಸ್ಲೀವ್, ಕರೆಂಟ್ ಬಾಕ್ಸ್, ಬಾಡಿಗೆ ಶೀಟು ಮತ್ತು ಜಾಕಿ. ಪ್ರತಿಯೊಂದರ ಮುಂದೆ ಅಂಗಡಿಯವರು ಹೇಳಿದ ದಿನ, ಅದರ ಪಕ್ಕದಲ್ಲಿ "ಇಷ್ಟರೊಳಗೆ ಆರ್ಡರ್" ಅನ್ನುವ ತಾರೀಕು. ಅಂಗಡಿಯವರಿಗೆ ಬರೀ ಪ್ರಮಾಣ ಹೇಳಬೇಡಿ, ಮುಂದಿನ ಎರಡು ಮೋಲ್ಡ್‌ಗಳ ಹಾಳೆಯನ್ನೂ ಕೊಟ್ಟಿಡಿ. ಮೊದಲೇ ಗೊತ್ತಿದ್ದರೆ ಅವರೂ ಗಾಡಿ ಹೊಂದಿಸಿಕೊಳ್ಳುತ್ತಾರೆ.

ಕ್ಯಾಲೆಂಡರ್ ನೋಡದೆ ದಿನ ಹಾಕಬೇಡಿ. ಯುಗಾದಿಗೆ ಊರಿಗೆ ಹೋದ ಆಳುಗಳು ಹಬ್ಬ ಮುಗಿದ ಮಾರನೇ ದಿನವೇ ಬರಲ್ಲ. ಅಮಾವಾಸ್ಯೆ ದಿನ ಹೊಸ ಕೆಲಸ ಶುರು ಮಾಡಿ ಅಂದರೆ ಮೇಸ್ತ್ರಿ ಒಪ್ಪಲ್ಲ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗಾ ಜಾತ್ರೆ, ಕ್ಯಾತ್ಸಂದ್ರದ ಕಡೆ ಗಾಡಿ ನುಗ್ಗಿಸುವುದು ಕಷ್ಟ. ಆಷಾಢಕ್ಕೆ ಮುಂಚೆ ಗೃಹಪ್ರವೇಶ ಮುಗಿಸಬೇಕು ಅಂತ ಎಲ್ಲ ಮನೆಯವರೂ ಒಟ್ಟಿಗೆ ಬೀಳುವುದರಿಂದ ಟೈಲ್ಸ್ ಹಾಕುವವರು, ಪೇಂಟರ್‌ಗಳು ಸಿಗಲ್ಲ. ಸೆಪ್ಟೆಂಬರ್, ಅಕ್ಟೋಬರ್ ನಮ್ಮ ಕಡೆ ಜೋರು ಮಳೆಯ ತಿಂಗಳು. ಪಾಯ ತೋಡಿ ಬಿಟ್ಟರೆ ಕೆರೆಯಾಗುತ್ತದೆ. ಕ್ರಷರ್‌ನವರದೋ ಲಾರಿಯವರದೋ ಮುಷ್ಕರ ಬಂದರೆ ಜಲ್ಲಿ ಪೂರ್ತಿ ನಿಲ್ಲುತ್ತದೆ. ಹೀಗೆ ನಿಂತ ದಿನಗಳಿಗೆ ಯಾರಿಗೂ ದಂಡ ಇಲ್ಲ ಅಂತ ಒಪ್ಪಂದದಲ್ಲೇ ಬರೆದುಕೊಳ್ಳಿ.

ಸೆಂಟ್ರಿಂಗ್ ಬಾಡಿಗೆಯ ದಿನಗಳನ್ನೂ ಈ ಹಾಳೆಯಲ್ಲೇ ಹಾಕಿ. ಕಾಂಕ್ರೀಟಿನ ಮಾನಕ ಐಎಸ್ 456 ಪ್ರಕಾರ ಆಧಾರದಿಂದ ಆಧಾರಕ್ಕೆ 4.5 ಮೀಟರ್ ತನಕದ ಸ್ಲ್ಯಾಬ್‌ಗೆ ಕನಿಷ್ಠ 7 ದಿನ, ಅದಕ್ಕಿಂತ ಅಗಲ ಇದ್ದರೆ 14 ದಿನ ಜಾಕಿ ತೆಗೆಯುವಂತಿಲ್ಲ. ಬೀಮ್‌ಗೆ 6 ಮೀಟರ್ ತನಕ 14, ಅದರ ಮೇಲೆ 21. ಇದು ಸಾದಾ ಸಿಮೆಂಟಿನ ಲೆಕ್ಕ, ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟ್) ಹಾಕಿದರೆ ಇನ್ನೂ ಜಾಸ್ತಿ ಬಿಡಬೇಕು. ಬಾಡಿಗೆ ಉಳಿಸೋಕೆ ಜಾಕಿ ಬೇಗ ಎಳೆಯುವುದು ಮತ್ತು ಆಮೇಲೆ ಬಿರುಕಿನ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುವುದು ತೀರಾ ಮಾಮೂಲು.

## ಹಂತ 7: ಗಾಡಿ ಬಂದಾಗ ಅಳೆದು ಇಳಿಸಿ

ಕಂಬಿ. ಮಾಡೆಲ್ ಕೊಡುವುದು ಸೂತ್ರದ ತೂಕ: ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಇಷ್ಟು ಕೆಜಿ. 12 ಮಿ.ಮೀ. ಕಂಬಿ ಮೀಟರಿಗೆ 0.888 ಕೆಜಿ, 12 ಮೀಟರಿನ ಒಂದು ಕಂಬಿ 10.66 ಕೆಜಿ. ಆದರೆ ಕಂಬಿಯ ಮಾನಕ ಐಎಸ್ 1786 ಪ್ರಕಾರವೇ 10 ಮಿ.ಮೀ. ತನಕದ ಕಂಬಿಯ ತೂಕ ಶೇ 7ರಷ್ಟು ಹೆಚ್ಚುಕಮ್ಮಿ ಇರಬಹುದು, 16ರ ತನಕ ಶೇ 5, ಅದರ ಮೇಲೆ ಶೇ 3. ಅಂಗಡಿಯವರು ತೂಕದ ಮೇಲೆ ಬಿಲ್ ಹಾಕುತ್ತಾರೆ, ಕಂಬಿ ಕಟ್ಟುವವರು ಎಣಿಕೆ ಮೇಲೆ ಲೆಕ್ಕ ಕೊಡುತ್ತಾರೆ. ಎರಡನ್ನೂ ಬರೆದುಕೊಳ್ಳದಿದ್ದರೆ ಕಳ್ಳತನದ ಆರೋಪ ಹುಟ್ಟುತ್ತದೆ. ಅದಕ್ಕೇ ವೇ ಬ್ರಿಡ್ಜ್ ಚೀಟಿಯ ಹಿಂದೆ ಅಳತೆವಾರು ಎಷ್ಟು ಕಂಬಿ ಅಂತ ಬರೆದು ಇಬ್ಬರೂ ಸಹಿ ಮಾಡಿ.

ಎಂ ಸ್ಯಾಂಡ್. ಟನ್ ಲೆಕ್ಕವೋ ಅಡಿ ಲೆಕ್ಕವೋ ಮೊದಲೇ ಹೇಳಿ. ಒಣಗಿದ್ದಾಗ ಒಂದು ಟನ್‌ಗೆ ಸುಮಾರು 20ರಿಂದ 22 ಘನ ಅಡಿ ಬರುತ್ತದೆ. ಒದ್ದೆಯಾದರೆ ಮರಳು ಉಬ್ಬುತ್ತದೆ. ಅಡಿ ಲೆಕ್ಕದಲ್ಲಿ ಕೊಂಡರೆ ಗಾಳಿಗೆ ದುಡ್ಡು ಕೊಟ್ಟಂತೆ, ತೂಕದಲ್ಲಿ ಕೊಂಡರೆ ನೀರಿಗೆ. ಟಿಪ್ಪರ್ ಬಾಡಿಯ ಉದ್ದ, ಅಗಲ, ಎತ್ತರವನ್ನು ಮೊದಲ ಲೋಡ್‌ನಲ್ಲೇ ಅಳೆದಿಟ್ಟುಕೊಳ್ಳಿ.

ರೆಡಿಮಿಕ್ಸ್, ಅಂದರೆ ಪ್ಲಾಂಟ್‌ನಲ್ಲಿ ಕಲಸಿ ಗಾಡಿಯಲ್ಲಿ ಬರುವ ಕಾಂಕ್ರೀಟ್. ಚೀಟಿಯಲ್ಲಿ ಲೋಡ್ ಆದ ಸಮಯ ನೋಡಿ. ಮಾನಕದ ಪ್ರಕಾರ ಸಾಮಾನ್ಯವಾಗಿ ಲೋಡ್ ಆದ 2 ಗಂಟೆಯೊಳಗೆ ಗಾಡಿಯಿಂದ ಇಳಿದಿರಬೇಕು. ಸೈಟ್‌ನಲ್ಲಿ ನೀರು ಬೆರೆಸಲು ಬಿಡಬೇಡಿ, ಬೆರೆಸಿದರೆ ಕಾಂಕ್ರೀಟ್ ಗುಣಮಟ್ಟಕ್ಕೆ ಪ್ಲಾಂಟ್‌ನವರು ಹೊಣೆ ಹೊರಲ್ಲ. 6ರಿಂದ 15 ಘನ ಮೀಟರ್ ಇದ್ದರೆ ಎರಡು ಸ್ಯಾಂಪಲ್, ಒಂದೊಂದಕ್ಕೆ ಬಲ ಪರೀಕ್ಷೆಯ ಮೂರು ಕ್ಯೂಬ್. ಮಾಲೀಕರು, ಗುತ್ತಿಗೆದಾರರು, ಪ್ಲಾಂಟ್‌ನವರು ಮೂವರ ಮುಂದೆಯೇ ಕ್ಯೂಬ್ ಮೇಲೆ ಮೋಲ್ಡ್ ಸಂಖ್ಯೆ ಗೀಚಿ.

ಟೈಲ್ಸ್ ಪೂರ್ತಿ ಒಂದೇ ಬ್ಯಾಚ್ ಸಂಖ್ಯೆಯದು ಒಂದೇ ಸಲ ಬರಲಿ. ಆಮೇಲೆ ಎರಡು ಬಾಕ್ಸ್ ತರಿಸಿದರೆ ಬಣ್ಣ ಕೂಡಲ್ಲ.

## ಹಂತ 8: ಬದಲಾವಣೆ ಮೊದಲು ಮಾಡೆಲ್‌ಗೆ, ಆಮೇಲೆ ಗೋಡೆಗೆ

ವಾಸ್ತು ನೋಡುವವರು ಬಂದು ಅಡುಗೆಮನೆ ಬಾಗಿಲು ತಿರುಗಿಸಿ ಅನ್ನುತ್ತಾರೆ. ಮಾಲೀಕರ ಅತ್ತಿಗೆ ಬಂದು ಪೂಜೆ ಮನೆ ದೊಡ್ಡದಾಗಲಿ ಅನ್ನುತ್ತಾರೆ. ಬೇಡ ಅನ್ನೋಕಾಗಲ್ಲ. ರಿಜಿಸ್ಟರಿನಲ್ಲಿ ಒಂದು ಪುಟ ತೆಗೆಯಿರಿ: ಯಾರು ಕೇಳಿದರು, ಏನು, ಯಾವ ಮೋಲ್ಡ್‌ಗೆ ಸೇರಿದ್ದು, ಎಷ್ಟು ದುಡ್ಡು, ಎಷ್ಟು ದಿನ, ಆರ್ಡರ್ ಆದ ಸಾಮಾನಿಗೆ ಏನಾಗುತ್ತೆ. ಇಬ್ಬರ ಸಹಿ. ಮಾಡೆಲ್‌ನ ಆವೃತ್ತಿ ಸಂಖ್ಯೆ ಒಂದು ಏರಬೇಕು, ಸೈಟ್‌ನಲ್ಲಿರುವ ಹಳೇ ಪ್ರಿಂಟ್ ಮೇಲೆ ಅಡ್ಡಗೆರೆ ಎಳೆದು ಹೊಸದನ್ನು ಅಂಟಿಸಬೇಕು. ಹಳೇ ಪ್ರಿಂಟ್ ಸೆಂಟ್ರಿಂಗ್ ಮೇಲೆಯೇ ಉಳಿದುಬಿಡುವುದು ನಮ್ಮಲ್ಲಿ ದೊಡ್ಡ ರೋಗ.

ಬರವಣಿಗೆ ಇಲ್ಲದಿದ್ದರೆ ಎಕ್ಸ್‌ಟ್ರಾ ಕೊಡಬೇಕಾಗಿಲ್ಲ ಅಂತ ಕೆಲವು ಮಾಲೀಕರು ನಂಬಿದ್ದಾರೆ. ಪೂರ್ತಿ ನಿಜವಲ್ಲ. ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಒಬ್ಬರು ಮಾಡಿದ ಕೆಲಸದ ಲಾಭವನ್ನು ಇನ್ನೊಬ್ಬರು ಪಡೆದರೆ ಪರಿಹಾರ ಕೊಡಬೇಕಾಗುತ್ತದೆ ಅಂತ 1872ರ ಭಾರತೀಯ ಒಪ್ಪಂದ ಕಾಯ್ದೆಯ 70ನೇ ಸೆಕ್ಷನ್ ಹೇಳುತ್ತದೆ. ಎಷ್ಟು ಅನ್ನುವುದನ್ನು ಸಾಬೀತು ಮಾಡುವ ಗೋಳು ಮಾತ್ರ ಇಬ್ಬರಿಗೂ.

ವಾಟ್ಸಾಪ್ ಗ್ರೂಪ್ ಇರಲಿ, ಮಾಹಿತಿಗೆ ಮಾತ್ರ. ಹೆಬ್ಬೆರಳು ಎತ್ತಿದ ಗುರುತನ್ನು ಒಪ್ಪಿಗೆ ಅಂತ ಎಣಿಸಬೇಡಿ. ಆದರೂ ಮೆಸೇಜು, ಫೋಟೊ ಅಳಿಸಬೇಡಿ. ಕೋರ್ಟ್ ತನಕ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರದ ಜೊತೆ ಇವನ್ನು ಹಾಜರುಪಡಿಸಬಹುದು. ಮೂಲ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಟ್ಟರೆ ಕಷ್ಟ.

## ಈ ಲಕ್ಷಣ ಕಂಡರೆ ಕೆಲಸ ನಿಲ್ಲಿಸಿ ಕೂತು ಮಾತಾಡಿ

"ಅದೆಲ್ಲ ಆಮೇಲೆ ನೋಡ್ಕೊಳ್ಳೋಣ ಬಿಡಿ ಸಾರ್" ಅನ್ನುವ ಮಾತು ಒಂದೇ ವಾರದಲ್ಲಿ ಎರಡು ಸಲ ಬಂದರೆ. ಚಲನ್ ಮೇಲೆ ಮೋಲ್ಡ್ ಸಂಖ್ಯೆ ಇಲ್ಲದೆ ಲೋಡ್ ಇಳಿಯಲು ಶುರುವಾದರೆ. ಸೈಟ್‌ನಲ್ಲಿ ಎರಡು ಆವೃತ್ತಿಯ ಪ್ರಿಂಟ್ ಕಂಡರೆ. ಒಂದು ಮೋಲ್ಡ್‌ಗೆ ಬಂದ ಸಿಮೆಂಟ್ ಮಾಡೆಲ್‌ನ ಲೆಕ್ಕಕ್ಕಿಂತ ತೀರಾ ಜಾಸ್ತಿಯೋ ಕಮ್ಮಿಯೋ ಆಗಿದ್ದರೆ. ಕಮ್ಮಿ ಆದಾಗ ಮಾಲೀಕರು ಖುಷಿ ಪಡುತ್ತಾರೆ, ನಿಜವಾಗಿ ಹೆದರಬೇಕಾದ್ದು ಆಗಲೇ. ಮುಂದಿನ ಮೋಲ್ಡ್‌ನ ಅಡ್ವಾನ್ಸ್ ಹಿಂದಿನ ಮೋಲ್ಡ್‌ನ ಅಳತೆ ಮುಗಿಯುವ ಮುಂಚೆ ಕೇಳಿದರೆ, ಗುತ್ತಿಗೆದಾರರ ದುಡ್ಡು ಇನ್ನೊಂದು ಸೈಟ್‌ನಲ್ಲಿ ಸಿಕ್ಕಿಕೊಂಡಿದೆ ಅಂತ ಅನುಮಾನಿಸಿ.

## ಜಗಳ ಈಗಾಗಲೇ ಶುರುವಾಗಿದ್ದರೆ

ಮುಚ್ಚಿಹೋಗುವ ಕೆಲಸವನ್ನು ಮೊದಲು ಅಳೆಯಿರಿ. ಪಾಯ, ಕಂಬಿ, ಗೋಡೆಯೊಳಗಿನ ಪೈಪು, ವಾಟರ್‌ಪ್ರೂಫಿಂಗ್, ಇವು ನಾಳೆ ಕಾಣಿಸಲ್ಲ. ಎರಡೂ ಕಡೆಯವರು ನಿಂತು, ಟೇಪು ಹಿಡಿದಿರುವುದು ಕಾಣುವ ಹಾಗೆ ಫೋಟೊ ತೆಗೆದು, ಅಂಕಿಗಳನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಿ. ಒಪ್ಪದಿದ್ದರೆ "ಒಪ್ಪಿಗೆ ಇಲ್ಲ" ಅಂತಲೇ ಬರೆದು ಸಹಿ ಮಾಡಲಿ, ಅಳತೆ ಮಾತ್ರ ಆಗಿಹೋಗಲಿ. ಆಮೇಲೆ ನಿಜವಾಗಿ ಕಟ್ಟಿದ್ದನ್ನು ಮಾಡೆಲ್‌ನಲ್ಲಿ ತಿದ್ದಿ ಹೊಸ ಆವೃತ್ತಿ ಮಾಡಿ. ತಕರಾರು ಇಲ್ಲದ ಭಾಗದ ದುಡ್ಡನ್ನು ತಡೆಹಿಡಿಯದೆ ಕೊಟ್ಟುಬಿಡಿ, ತಕರಾರಿನ ಮೊತ್ತ ಎಷ್ಟು ಅನ್ನುವುದು ಆಗ ಸ್ಪಷ್ಟವಾಗುತ್ತದೆ. ಅಷ್ಟಕ್ಕೂ ಬಗೆಹರಿಯದೆ ಮನೆ ಮಾಲೀಕರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ, ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಚಲನ್, ತೂಕದ ಚೀಟಿ, ಸಹಿ ಇರುವ ಪ್ರಿಂಟ್, ಬದಲಾವಣೆ ಪುಟಗಳನ್ನು ಮೋಲ್ಡ್ ಸಂಖ್ಯೆ ಪ್ರಕಾರ ಜೋಡಿಸಿಕೊಂಡು ಹೋಗಿ.